ಗಲ್ಲಿಯ ಸದ್ದನ್ನು ಚೀಲಕ್ಕೆ ತುಂಬುವ ಉಶ್ಶಕ್ಕ

ಇನ್ನೂ ಬೆಳಕು ಹರಿದಿಲ್ಲ. ಉಶ್ಶಕ್ಕ ಹೊಲಿಗೆಯವಳ ಬಾಗಿಲ ಮುಂದೆ ನಿಂತಿದ್ದಾರೆ. ಬಾಗಿಲು ತಟ್ಟುವುದಿಲ್ಲ, ಉಗುರಿನಿಂದ ಮೆಲ್ಲಗೆ ಕೆರೆಯುತ್ತಾರೆ. ಹೊಲಿಗೆಯವಳು ಕಣ್ಣುಜ್ಜಿಕೊಳ್ಳುತ್ತಲೇ ಬಂದು, ಕುಕ್ಕರಿನಿಂದ ಬಿಚ್ಚಿದ ವಿಷಲ್ಲನ್ನು ಇವರ ಅಂಗೈಗೆ ಹಾಕುತ್ತಾಳೆ.

“ಏನಕ್ಕಾ, ಇವತ್ತೂ ನಮ್ಮನೇಲಿ ತಂಗಳೇ ಗತಿನಾ?”

“ಸ್ವಲ್ಪ ಹೊತ್ತು ತಡ್ಕೋ ತಾಯಿ. ನಿನ್ನ ಗಂಡನ ಗೊರಕೇನೂ ಬಿಚ್ಚೋಕಾದ್ರೆ ಕೊಡು, ಚೀಲದಲ್ಲಿ ಜಾಗ ಇದೆ.”

ಒಳಗಿನ ಗೊರಕೆ ತಟ್ಟನೆ ನಿಲ್ಲುತ್ತದೆ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಈ ಗಲ್ಲಿಗೆ ಸಿನಿಮಾದವರು ಮೇಲಿಂದ ಮೇಲೆ ಬರುತ್ತಾರೆ. ಬಡವರ ಕಷ್ಟ, ಬಡವರ ಛಲ ತೋರಿಸಲು ಅವರಿಗೆ ಇಂಥ ಜಾಗವೇ ಬೇಕು. ಭುಜಕ್ಕೆ ಭುಜ ಕೊಟ್ಟು ನಿಂತ ಮನೆಗಳು, ನೆತ್ತಿಯ ಮೇಲೆ ಒಗೆದ ಬಟ್ಟೆಯ ಸಾಲು, ನಲ್ಲಿಯ ಮುಂದೆ ಕೊಡಗಳ ಜಗಳ. ಎಲ್ಲವೂ ಬೇಕು, ಸದ್ದು ಮಾತ್ರ ಬೇಡ. ನಟರ ಮಾತನ್ನು ಅಲ್ಲೇ ಮೈಕಿನಲ್ಲಿ ಹಿಡಿಯುತ್ತಾರಂತೆ. ಬಡವರ ಕಥೆ ಹೇಳಲು ಮೊದಲು ಬಡವರ ಬಾಯಿ ಮುಚ್ಚಿಸಬೇಕು! ಇದರಲ್ಲಿ ಏನೋ ಎಡವಟ್ಟಿದೆ ಎಂದು ಆ ಮಂದಿಗೆ ಒಮ್ಮೆಯೂ ಅನ್ನಿಸಿದಂತಿಲ್ಲ.

ಮೊದಲ ಸಲ ಬಂದ ತಂಡ ಈ ಕೆಲಸಕ್ಕೆ ದಾಂಡಿಗರನ್ನು ಕರೆತಂದಿತ್ತು. ಅವರು ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿದರು. ಕೂಸು ಅಳುತ್ತಿದೆ ಎಂದು ಬಾಣಂತಿಯ ರಟ್ಟೆ ಹಿಡಿದು ಗಲ್ಲಿಯಾಚೆ ಅಟ್ಟಿದರು. ಗಲ್ಲಿ ರೊಚ್ಚಿಗೆದ್ದು ತಟ್ಟೆ ಬಡಿಯಿತು, ಶೂಟಿಂಗ್ ಮಣ್ಣುಪಾಲಾಯಿತು. ಮರುದಿನ ಉಶ್ಶಕ್ಕ ಮ್ಯಾನೇಜರನ ಮುಂದೆ ಹೋಗಿ ನಿಂತರು. “ನಿಮ್ಮ ಗೂಳಿಗಳನ್ನ ವಾಪಸ್ ಕಳಿಸಿ. ನಮ್ಮೋರು ಹೆದ್ರಿಸಿದ್ರೆ ಕೂಗ್ತಾರೆ, ಕೇಳ್ಕೊಂಡ್ರೆ ಉಸಿರೂ ಬಿಡಲ್ಲ.” ಅಂದಿನಿಂದ ಯಾವ ತಂಡ ಬಂದರೂ ಗಲ್ಲಿಯನ್ನು ಸುಮ್ಮನಿರಿಸುವ ಕೂಲಿಗೆ ಇವರೇ.

ಊರ ಬಾಯಿ ಮುಚ್ಚಿಸುವ ಈ ಹೆಂಗಸು ಬದುಕಿದ್ದೇ ಬಾಯಿಂದ. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದ ಕಾಲದಲ್ಲಿ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಮಹಡಿಯಿಂದ ಬುಟ್ಟಿ ಇಳಿಯುತ್ತಿತ್ತು. ಆಮೇಲೆ ಗಂಟಲಲ್ಲಿ ಗಂಟು ಎದ್ದಿತು. ಕೊಯ್ದು ತೆಗೆದರು, ಜೊತೆಗೆ ಅರ್ಧ ದನಿಯೂ ಹೋಯಿತು. ಮೂಟೆ ಹೊರುತ್ತಿದ್ದ ಗಂಡನ ಸೊಂಟ ಅಷ್ಟರಲ್ಲಾಗಲೇ ಬಿದ್ದುಹೋಗಿತ್ತು. “ಗಾಡಿ ಮಾರಿದ ದಿನ ಅಳು ಬಂತು, ಅಳೋಕೂ ದನಿ ಇಲ್ಲ ನೋಡಿ!” ಎಂದು ಉಶ್ಶಕ್ಕ ನಗುತ್ತಾರೆ.

ಅವರ ಕೆಲಸದ ರೀತಿಯೇ ಬೇರೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ, ನೀರು ಸದ್ದಿಲ್ಲದೆ ಕೊಡಕ್ಕಿಳಿಯುತ್ತದೆ. ಕೋಳಿ ಬುಟ್ಟಿಗೆ ಗೋಣಿ ಹೊದಿಸುತ್ತಾರೆ, ಹುಂಜಕ್ಕೆ ಇನ್ನೂ ರಾತ್ರಿಯೇ. ಕುಕ್ಕರ್ ವಿಷಲ್ಲುಗಳನ್ನು ಮನೆಗೊಂದು ಬಣ್ಣದ ದಾರ ಕಟ್ಟಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕುಕ್ಕರ್ ಇಡಬೇಡಿ ಎಂದು ಬರೀ ಹೇಳಿದರೆ ಸಾಲದೇ? “ಸಾಲಲ್ಲ. ಬೆಳಗಾದ್ರೆ ಕೈ ತಾನಾಗೇ ಕುಕ್ಕರ್ ಇಡುತ್ತೆ, ತಲೆ ಆಮೇಲೆ ಏಳುತ್ತೆ.”

ಇವತ್ತಿನ ದೃಶ್ಯ ನಾಜೂಕಿನದು. ಮಹಡಿಯ ಕೋಣೆಯಲ್ಲಿ ತಾಯಿಯ ಪಾತ್ರದವಳು ಮಗಳಿಗೆ ಜಡೆ ಹೆಣೆಯುತ್ತಾ, ಅಪ್ಪ ಇನ್ನು ಬರುವುದಿಲ್ಲ ಎಂದು ಹೇಳಬೇಕು. ಹೇಳಿ ಇಬ್ಬರೂ ಸುಮ್ಮನೆ ಕೂರಬೇಕು. ಸೂರ್ಯ ಮೇಲೇರುವ ಮುನ್ನ, ಬೂದಿ ಬೆಳಕಿನಲ್ಲೇ ಮುಗಿಯಬೇಕು. ತಾಯಿ ಹೇಳುತ್ತಾಳೆ. ಮಗಳ ತಲೆ ಬಾಗುತ್ತದೆ. ಗಲ್ಲಿ ಉಸಿರು ಬಿಗಿಹಿಡಿದಿದೆ.

ಎಲ್ಲಿಂದಲೋ ಒಂದು ಕುಕ್ಕರ್ ಕಿರುಚುತ್ತದೆ.

ಉಶ್ಶಕ್ಕ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಗಲ್ಲಿಯ ವಿಷಲ್ಲುಗಳೆಲ್ಲ ಅವರ ಚೀಲದಲ್ಲಿವೆ, ಒಂದನ್ನು ಬಿಟ್ಟು. ದೀಪದ ಬುಡದಲ್ಲೇ ಕತ್ತಲೆ. ಊರವರದನ್ನೆಲ್ಲ ಬಿಚ್ಚಿಸಿದವರು ತಮ್ಮ ಮನೆಯದನ್ನೇ ಮರೆತಿದ್ದಾರೆ. ಹೆಂಡತಿ ಹಸಿದು ಬರುತ್ತಾಳೆಂದು ಗಂಡ ಸೊಂಟ ಹಿಡಿದುಕೊಂಡೇ ಎದ್ದು ಅನ್ನಕ್ಕಿಟ್ಟಿದ್ದಾನೆ.

ಈ ತಂಡದ ಮ್ಯಾನೇಜರ್ ದಡದಡ ಮೆಟ್ಟಿಲಿಳಿದು ಬರುತ್ತಾನೆ. “ಏನಮ್ಮಾ ಇದು? ನಾಳೆಯಿಂದ ನಮ್ಮ ಹುಡುಗರನ್ನೇ ಕರೆಸ್ತೀನಿ.”

“ತಪ್ಪು ನಂದು ಸರ್, ಗಲ್ಲೀದಲ್ಲ. ಬೆಳಕು ಇನ್ನೂ ಇದೆ, ಇನ್ನೊಂದು ಸಲ ತೆಗೀರಿ. ಆಗ್ಲೂ ಕೆಟ್ರೆ ಕರೆಸ್ಕೊಳ್ಳಿ.”

ಇಲ್ಲಿಯ ಗೋಡೆಗಳು ತೆಳು. ಮಾತು ಗಲ್ಲಿಗೆಲ್ಲ ಕೇಳಿಸಿದೆ. ‘ನಮ್ಮ ಹುಡುಗರು’ ಎಂದರೆ ಎಂಥವರೆಂದು ಒಬ್ಬರೂ ಮರೆತಿಲ್ಲ. ಗಲ್ಲಿಗೆ ಕಾಲಿಡುತ್ತಿದ್ದ ಹಾಲಿನವನು ಕ್ಯಾನುಗಳ ಸಮೇತ ಸೈಕಲ್ಲನ್ನು ಅಲ್ಲೇ ಅಪ್ಪಿ ನಿಲ್ಲುತ್ತಾನೆ. ಹೊಲಿಗೆಯವಳು ಗಂಡನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾಳೆ. ಅಂದು ಹೊರಗಟ್ಟಿಸಿಕೊಂಡ ತಾಯಿ, ಈಗ ಓಡಾಡುವಷ್ಟು ದೊಡ್ಡದಾದ ಆ ಕೂಸಿನ ಗೆಜ್ಜೆ ಬಿಚ್ಚುತ್ತಾಳೆ. ಉಶ್ಶಕ್ಕನ ಗಂಡ ಕುಕ್ಕರನ್ನು ಒಲೆಯಿಂದಿಳಿಸಿ, ಒದ್ದೆ ಬಟ್ಟೆ ಸುತ್ತಿ, ಅಳುವ ಮಗುವನ್ನು ಹಿಡಿದವನಂತೆ ಮುಂದಿಟ್ಟುಕೊಂಡು ಕುಳಿತಿದ್ದಾನೆ. ಈ ಸಲ ಉಶ್ಶಕ್ಕ ಯಾರ ಬಾಗಿಲನ್ನೂ ಕೆರೆದಿಲ್ಲ. ಖಾಲಿ ಕೈಯಲ್ಲಿ ನಡುಗಲ್ಲಿಯಲ್ಲಿ ನಿಂತಿದ್ದಾರೆ, ಅಷ್ಟೆ.

ಮೇಲೆ ತಾಯಿ ಹೇಳುತ್ತಾಳೆ. ಮಗಳ ತಲೆ ಬಾಗುತ್ತದೆ. ಯಾವ ಮನೆಯಿಂದಲೂ ಒಂದು ಲೋಟದ ಸದ್ದಿಲ್ಲ. ನಿರ್ದೇಶಕ ‘ಓಕೆ’ ಎಂದ ಮೇಲೂ ಗಲ್ಲಿ ಬಾಯಿ ಬಿಡಲು ಕೊಂಚ ತಡಮಾಡುತ್ತದೆ. ಮ್ಯಾನೇಜರ್ ಇವರ ಮುಖ ನೋಡದೆ ಗೊಣಗುತ್ತಾನೆ: “ನಾಳೆ ಬೇಗ ಬನ್ನಿ. ಮೊದ್ಲು ನಿಮ್ಮನೇದು ಬಿಚ್ಚಿ.”

ವಿಷಲ್ಲುಗಳನ್ನು ಹಂಚುತ್ತಾ ಬಂದರೆ ಬಾಗಿಲು ಬಾಗಿಲಲ್ಲೂ ಮಂಗಳಾರತಿ. “ಅಕ್ಕಾ, ಇನ್ಮೇಲೆ ನಿಮ್ಮನೆ ವಿಷಲ್ ನನ್ನ ಹತ್ರಾನೇ ಇರ್ಲಿ!” ಎಂದು ಹೊಲಿಗೆಯವಳು ಕಿಚಾಯಿಸುತ್ತಾಳೆ. ಮನೆಯಲ್ಲಿ ಗಂಡ ತಲೆ ತಗ್ಗಿಸಿದ್ದಾನೆ. “ಅನ್ನ ಅರ್ಧ ಬೆಂದಿದೆ ಕಣೇ.”

“ಇರ್ಲಿ ಬಿಡ್ರಿ, ನನ್ನ ಮಾನ ಪೂರ್ತಿ ಬೆಂದಿದೆ,” ಎನ್ನುತ್ತಾ ಉಶ್ಶಕ್ಕ ಕುಕ್ಕರನ್ನು ಮತ್ತೆ ಒಲೆಗೇರಿಸುತ್ತಾರೆ.

ಪರದೆಯ ಮೇಲೆ ಅವರ ಹೆಸರು ಬರುವುದಿಲ್ಲ. ಅದರ ಚಿಂತೆ ಅವರಿಗಿಲ್ಲ, ಆಸೆಯೇ ಬೇರೆ. “ಈ ಸಿನಿಮಾ ಬಂದಾಗ ಗಲ್ಲಿಯವರನ್ನೆಲ್ಲ ಕರ್ಕೊಂಡು ಹೋಗ್ಬೇಕು. ಆ ತಾಯಿ ಮಗಳು ಸುಮ್ನೆ ಕೂತಿರ್ತಾರಲ್ಲ, ಆಗ ಏನೂ ಕೇಳ್ಸಲ್ವಲ್ಲ, ಅದು ನಾವು. ಅಲ್ಲಿ ಯಾರಾದ್ರೂ ಮಾತಾಡ್ಲಿ ನೋಡೋಣ, ಇರೋ ಅರ್ಧ ದನೀಲೇ ಥಿಯೇಟರ್ ಅದುರೋ ಹಾಗೆ ಕೂಗ್ತೀನಿ!”