ಎರಡು ಆರರ ಕೈ

ಕಳೆದ ವಾರ ಕೆನಡಾದಿಂದ ನನಗೊಂದು ಪುಟ್ಟ ಡಬ್ಬಿ ಬಂತು. ತೆರೆದರೆ ಹತ್ತಿಯ ಮೇಲೆ ಒಂದು ಬೆಳ್ಳಿ ಬಳೆ. ಕಳಿಸಿದವಳು ನನ್ನ ಗೆಳತಿ ಶಮ್ಶಾದ್. ಬಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಚೆನ್ನಾಗಿದೆ ಅಂದುಕೊಂಡೆ, ಮತ್ತೆ ಹತ್ತಿಯ ಮೇಲೇ ಇಟ್ಟು ಮುಚ್ಚಳ ಹಾಕಿದೆ. ತೊಡಲು ಧೈರ್ಯ ಬರಲಿಲ್ಲ. ನಗಬೇಡಿ. ಅರವತ್ತು ದಾಟಿದ ಹೆಂಗಸಿಗೆ ಒಂದು ಬಳೆ ಕಂಡರೆ ಏನು ಭಯ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಹೇಳಬೇಕಾಗುತ್ತದೆ.

ಶಮ್ಶಾದ್ ಶಿಕಾರಿಪುರದ ಬಳೆ ಅಂಗಡಿಯವರ ಮಗಳು. ಹೈಸ್ಕೂಲಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಸಂಜೆ ಅವಳ ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅವರು ಗಿರಾಕಿಯ ಕೈ ಹಿಡಿದು, ಹೆಬ್ಬೆರಳ ಬುಡವನ್ನು ಒಮ್ಮೆ ಒತ್ತಿ, “ಎರಡು ನಾಲ್ಕು” ಎಂದೋ “ಎರಡು ಎಂಟು” ಎಂದೋ ಮಗಳಿಗೆ ಕೂಗಿ ಹೇಳುತ್ತಿದ್ದರು. ಅವಳು ಆ ಅಳತೆಯ ಬಳೆ ತೆಗೆದು ಕೊಡುತ್ತಿದ್ದಳು. ಎರಡು ಅಂದರೆ ಎರಡು ಇಂಚು. ಅದರ ಮುಂದಿನದು ಇಂಚನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ಎಷ್ಟು ಎನ್ನುವ ಲೆಕ್ಕ, ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ಆಣೆ ಹೋಗಿ ಎಷ್ಟೋ ಕಾಲವಾಯಿತು, ಬಳೆ ಮಾತ್ರ ಇನ್ನೂ ಅದನ್ನು ಬಿಟ್ಟಿಲ್ಲ.

ಕ್ರಮೇಣ ಶಮ್ಶಾದಳಿಗೆ ಕೈ ಮುಟ್ಟುವುದೂ ಬೇಡವಾಯಿತು. ರಸ್ತೆಯಲ್ಲಿ ಹೋಗುವ ಹೆಂಗಸರನ್ನು ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು: “ಅವ್ರು ಎರಡು ಹತ್ತು. ಆದ್ರೆ ಎರಡು ಎಂಟೇ ಕೊಡು ಅಂತ ಹಟ ಮಾಡ್ತಾರೆ ನೋಡು.” ನನ್ನದು ಎರಡು ಆರು. “ಕೈ ಅಂದ್ರೆ ಇದು ಕಣೇ, ಬೆಣ್ಣೆ ಇದ್ದಂಗೈತೆ” ಅಂದಿದ್ದಳು ಒಮ್ಮೆ. ಬೇರೆ ಯಾರೂ ನನ್ನನ್ನು ಹೊಗಳಿದ ನೆನಪಿಲ್ಲ. ಹಾಗಾಗಿ ಇದೊಂದನ್ನು ಜೋಪಾನ ಮಾಡಿಕೊಂಡು ಬಂದಿದ್ದೇನೆ.

ಮುಂದೆ ನನಗೆ ಸೊರಬದ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅವಳಿಗೆ ವೆಲ್ಡಿಂಗ್ ಕೆಲಸದವನೊಬ್ಬನ ಜೊತೆ ಮದುವೆಯಾಯಿತು, ಅವನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಬಸ್ಸು ಹತ್ತಿ ಸೊರಬಕ್ಕೆ ಬಂದು, ನನ್ನ ಬಾಡಿಗೆ ಕೋಣೆಯಲ್ಲಿ ಕೂತು, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿ ಹೋದಳು. ಟೈಪು ಮಾಡುವಾಗ ಅವು ಗಲಗಲ ಅನ್ನುತ್ತಿದ್ದವು. “ಏನ್ರೀ, ಮೆಷಿನ್ ಸದ್ದು ಸಾಲ್ದು ಅಂತ ಇದು ಬೇರೆ ತಂದ್ರಾ?” ಎಂದು ಹೆಡ್ ಕ್ಲಾರ್ಕ್ ರೇಗುತ್ತಿದ್ದರು. ಒಂದೊಂದಾಗಿ ಎಲ್ಲ ಒಡೆದುಹೋದವು. ಆಮೇಲೆ ವಾಚು ಕಟ್ಟಿಕೊಂಡು ಓಡಾಡಿದೆ. ಮದುವೆ ಮಾಡಿಕೊಳ್ಳಲಿಲ್ಲ, ಅದಕ್ಕೆ ಹೇಳುವಂಥ ಕಾರಣವೂ ಇಲ್ಲ.

ಕೆನಡಾ ಎಂಬುದು ತನ್ನ ಅಳತೆ ತನಗೇ ಗೊತ್ತಿಲ್ಲದ ದೇಶ ಎಂದು ಶಮ್ಶಾದಳ ಫೋನುಗಳಿಂದ ನನಗೆ ಗೊತ್ತಾಯಿತು. ರಸ್ತೆಗೆ ಕಿಲೋಮೀಟರು, ಮನುಷ್ಯರ ಎತ್ತರಕ್ಕೆ ಅಡಿ, ಚಳಿಗೆ ಒಂದು ಬಗೆಯ ಡಿಗ್ರಿ, ಒಲೆಗೆ ಇನ್ನೊಂದು ಬಗೆಯ ಡಿಗ್ರಿ. ಒಮ್ಮೆ “ತೂಕದಾಗೆ ನೂರಾ ಅರವತ್ತು ಆಗೀನಿ ಕಣೇ” ಅಂದಳು. ಬಹಳ ಹೊತ್ತು ನಾಜೂಕಾಗಿ ಸಮಾಧಾನ ಹೇಳಿದ ಮೇಲೆ ಅದು ಕಿಲೋ ಅಲ್ಲ, ಪೌಂಡು ಎಂದು ತಿಳಿಯಿತು. ಇನ್ನೊಮ್ಮೆ ಅವಳು ಕಳಿಸಿದ ಬಿಸ್ಕತ್ತಿನ ಡಬ್ಬದ ಮೇಲೆ 05/11 ಎಂದಿತ್ತು. ನವೆಂಬರ್ ಐದರವರೆಗೆ ಬರುತ್ತದಲ್ಲ ಎಂದು ದಿನಕ್ಕೊಂದರಂತೆ ಉಳಿಸಿ ಉಳಿಸಿ ತಿಂದೆ. ಅದು ಮೇ ಹನ್ನೊಂದು, ಅಲ್ಲಿ ಎಷ್ಟೋ ಜನ ತಿಂಗಳನ್ನು ಮೊದಲು ಬರೆಯುತ್ತಾರೆ ಎಂದು ಅವಳು ಹೇಳುವಷ್ಟರಲ್ಲಿ ಆಗಸ್ಟ್ ಬಂದಿತ್ತು. ಏನೂ ಆಗಲಿಲ್ಲ. ನನ್ನ ಹೊಟ್ಟೆಗೆ ತಾರೀಕು ಓದಲು ಬರುವುದಿಲ್ಲ.

ನಮ್ಮದೇನು ಕಡಿಮೆಯೇ? ಹೂವಿಗೆ ಮೊಳ, ಗದ್ದೆಗೆ ಗುಂಟೆ, ಟೊಮೆಟೊಗೆ ಕಿಲೋ. ಅಂಜನಾಪುರದ ಅಣೆಕಟ್ಟಿಗೆ ನೀರು ಎಷ್ಟು ಬಂತು ಎಂದು ಕೇಳಿದರೆ ಇಂದಿಗೂ ಉತ್ತರ ಅಡಿಯಲ್ಲೇ. ಒಂದೇ ಊರಲ್ಲಿದ್ದರೆ ಇದು ಯಾವುದೂ ತೊಡಕಲ್ಲ, ಎದುರಿಗೆ ನಿಂತವರಿಗೆ ಕೈ ಅಗಲಿಸಿ ತೋರಿಸಿದರೆ ಆಯಿತು. ದೂರವಾದ ಮೇಲೆ ಅಂಕಿಯನ್ನೇ ನಂಬಬೇಕು.

ಈಗ ನನ್ನ ಭಯಕ್ಕೆ ಬರುತ್ತೇನೆ. ನಿವೃತ್ತಿಯಾದ ಮೇಲೆ ಶಿಕಾರಿಪುರಕ್ಕೇ ಬಂದು, ಒಂದು ಮಹಡಿ ಮನೆ ಹಿಡಿದು ಒಬ್ಬಳೇ ಇದ್ದೇನೆ. ಬೆರಳುಗಳ ಗೆಣ್ಣು ಊದಿಕೊಂಡಿವೆ. ಯಾವಾಗ ಶುರುವಾಯಿತೋ ನನಗೇ ತಿಳಿಯದು. ಶಮ್ಶಾದಳ ಅಪ್ಪ ಇಲ್ಲ, ಅಂಗಡಿ ಇದ್ದಲ್ಲಿ ಮೊಬೈಲ್ ಮಾರುತ್ತಾರೆ. ಬಿ.ಪಿ. ನೋಡುವ ನರ್ಸಮ್ಮನನ್ನು ಬಿಟ್ಟರೆ ನನ್ನ ಕೈ ಹಿಡಿಯುವವರು ಈ ಊರಲ್ಲಿ ಯಾರೂ ಇಲ್ಲ. ಹಗಲೆಲ್ಲ ಹೇಗೋ ಕಳೆಯುತ್ತದೆ, ಸಂಜೆ ದೀಪ ಹಾಕಿದ ಮೇಲೆ ಮನೆ ದೊಡ್ಡದಾಗುತ್ತದೆ. ಶಮ್ಶಾದ್ ವಿಡಿಯೋ ಕರೆ ಮಾಡಿದಾಗ ನಾನು ಮುಖ ಮಾತ್ರ ತೋರಿಸುತ್ತಿದ್ದೆ. ಅವಳ ಲೆಕ್ಕದಲ್ಲಿ ನಾನಿನ್ನೂ ಎರಡು ಆರು. ಆ ಬೆಳ್ಳಿ ಬಳೆ ಗೆಣ್ಣಿನಲ್ಲಿ ಸಿಕ್ಕಿಕೊಂಡು ನಿಂತರೆ, ನನ್ನ ಕೈ ಗೊತ್ತಿರುವವರು ಜಗತ್ತಿನಲ್ಲಿ ಒಬ್ಬರೂ ಉಳಿಯುವುದಿಲ್ಲ ಅನ್ನಿಸಿತ್ತು.

ಮೊನ್ನೆ ಸಂಜೆ ಅವಳ ವಿಡಿಯೋ ಕರೆ ಬಂತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

“ಬಳೆ ಬಂತೇನೇ? ಹಾಕ್ಕೊಂಡ್ಯಾ?”

“ಇನ್ನೂ ಇಲ್ಲ.”

“ಹಾಕ್ಕೋಬೇಡ ಬಿಡು, ಜಾರಿ ಬೀಳ್ತೈತೆ. ಇಲ್ಲಿ ಬೆಳ್ಳಿ ಕೆಲಸದ ಹುಡುಗಿಗೆ ಎರಡು ಆರು ಅಂತ ಬರ್ಕೊಟ್ಟೆ, ನಡುವೆ ಚುಕ್ಕಿ ಇಟ್ಟು, ಅಂಗಡೀಲಿ ನಮ್ಮ ಅಬ್ಬಾ ಬರೀತಿದ್ರಲ್ಲ ಹಂಗೇ. ಅವಳು ಇಂಚನ್ನ ಹತ್ತು ಪಾಲು ಮಾಡಿ ಅದ್ರಲ್ಲಿ ಆರು ತಗೊಂಡಾಳೆ! ನಮ್ದು ಹದಿನಾರರಲ್ಲಿ ಆರಲ್ವೇನೇ? ಬಳೆಗಾರರ ಮಗಳು ನಾನು, ನಂಗೇ ಹೊಳೀಲಿಲ್ಲ ನೋಡು.” ಅವಳ ದನಿ ಅಳುವಂತಿತ್ತು.

ಅವಳು ಆ ಹುಡುಗಿಯನ್ನು ಬೈಯುತ್ತಿರುವಾಗಲೇ ನಾನು ಡಬ್ಬಿ ತೆರೆದೆ. ಬೆರಳು ಮಡಚಿ ಬಳೆಯನ್ನು ತಳ್ಳಿದೆ. ಹೆಬ್ಬೆರಳ ಬುಡದಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಸಲೀಸಾಗಿ ಇಳಿದು ಮಣಿಕಟ್ಟಿನಲ್ಲಿ ಕೂತಿತು.

“ಸರಿಯಾಗಿದೆ ಕಣೇ” ಅಂದೆ.

“ಸುಳ್ಳು. ನನ್ನ ಸಮಾಧಾನಕ್ಕೆ ಹೇಳ್ಬೇಡ. ಎಲ್ಲಿ, ತೋರ್ಸು.”

ಬೇರೆ ದಾರಿಯಿರಲಿಲ್ಲ. ಕೈಯನ್ನು ಫೋನಿನ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡಳು, ಮುಖ ಹತ್ತಿರ ತಂದಳು. ಅವಳ ಅಪ್ಪ ಗಿರಾಕಿಗಳ ಕೈ ನೋಡುತ್ತಿದ್ದುದು ಹಾಗೇ.

“ಎರಡು ಹತ್ತು” ಅಂದಳು. ಹತ್ತರಲ್ಲಿ ಆರು ಪಾಲು ಅಂದರೆ ನಮ್ಮ ಹದಿನಾರರ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ. ಆಮೇಲೆ, “ಯಾವಾಗ ಆಯ್ತೇ ಇದು? ಹೇಳ್ಲೇ ಇಲ್ಲ ನೀನು” ಅಂದಳು.

“ಯಾರಿಗೆ ಹೇಳ್ಲಿ?” ಅಂದುಬಿಟ್ಟೆ.

ಅವಳು ಕಣ್ಣು ಒರೆಸಿಕೊಂಡಳು. “ನೋಯ್ತದೇನೇ?”

“ಬೆಳಿಗ್ಗೆ ಹೊತ್ತು.”

“ಇನ್ನೊಂದು ಕೈನೂ ತೋರ್ಸು.”

ತೋರಿಸಿದೆ.

ಈಗ ಪಾತ್ರೆ ತೊಳೆಯುವಾಗ ಬಳೆ ನಲ್ಲಿಗೆ ತಾಗಿ ಟಣ್ ಅನ್ನುತ್ತದೆ. ಮನೆಯಲ್ಲಿ ಬೇರೆ ಸದ್ದಿಲ್ಲ, ಅದು ಮೊದಲಿನಂತೆಯೇ ಇದೆ. ಆದರೆ ನಿಮ್ಮ ಕೈ ಎಷ್ಟು ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳಬಲ್ಲೆ: ಎರಡು ಹತ್ತು. ನೋಡಿ ಹೇಳಿದವಳೊಬ್ಬಳಿದ್ದಾಳೆ.