ಸದ್ದಿಲ್ಲದೆ ಅಳುವ ಮಗು

"ಎಂಥ ಸಾಧು ಮಗು ಮಾರಾಯ್ತಿ, ಒಂದು ಚೂರು ರಗಳೆ ಇಲ್ಲ!" ಎಂದು ನಮ್ಮ ಅಂಧೇರಿಯ ಚಾಳಿನ ಕೋಣೆಗೆ ಬಂದವರೆಲ್ಲ ಹೇಳುತ್ತಿದ್ದರು. ಅವರ ಕೈಯ ಕಾಫಿ ಲೋಟ ಕಿತ್ತುಕೊಂಡು ಹೊರಗೆ ಅಟ್ಟಬೇಕೆನಿಸುತ್ತಿತ್ತು ನನಗೆ. ಮಗು ಅವರ ಎದುರಲ್ಲೇ ಅಳುತ್ತಿತ್ತು. ಬಾಯಿ ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು, ಕಾಲು ಬಡಿದು ಅಳುತ್ತಿತ್ತು. ಸ್ವರ ಮಾತ್ರ ಹೊರಡುತ್ತಿರಲಿಲ್ಲ. ಆ ಮುಖ ನೋಡುವಷ್ಟು ಪುರುಸೊತ್ತು ಆ ಹೆಂಗಸರಿಗೆ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಗಳು ಏಳು ತಿಂಗಳಿಗೇ ಹುಟ್ಟಿದ್ದಳು. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದ, ಹೃದಯದ ಬಳಿಯ ರಕ್ತನಾಳವೊಂದು ಮುಚ್ಚಿರಲಿಲ್ಲ. ಎದೆ ಕೊಯ್ದು ಅದನ್ನು ಕಟ್ಟಿದರು. ಮಗಳು ಬದುಕಿದಳು, ಅದಕ್ಕೆ ಆ ಡಾಕ್ಟರಿಗೆ ಕೈಮುಗಿಯುತ್ತೇನೆ. ಆದರೆ ಸ್ವರ ಎಲ್ಲಿ ಎಂದು ಕೇಳಿದರೆ ಆ ಮಹಾಶಯ ಕೈಗಡಿಯಾರ ನೋಡಿಕೊಂಡು, "ಆಪರೇಷನ್ ಸಕ್ಸೆಸ್ ಹೈ ನಾ?" ಎಂದರು, ನಾನು ಮರೆತುಹೋದ ಕೊಡೆ ಕೇಳಲು ಬಂದವಳೆಂಬಂತೆ. ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟರು: ಗಂಟಲಿನ ನರಕ್ಕೆ ಪೆಟ್ಟು ಬಿದ್ದಿರಬಹುದು, ಹಾಲು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಎತ್ತಿ ಹಿಡಿದು ಚಮಚದಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿ.

ಮಗುವಿಗೆ ಉಸಿರು ಕಟ್ಟಿದರೂ ನನಗೆ ಕೇಳಿಸುವಂತಿರಲಿಲ್ಲ. ಒಗ್ಗರಣೆ ಹಾಕುವಾಗಲೂ ಮಗು ಮಲಗಿದ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದೆ. ನಲ್ಲಿಯಿಂದ ನೀರು ತರುವುದೆಂದರೆ ಜೀವ ಕೈಯಲ್ಲಿ ಹಿಡಿದುಕೊಂಡು ಓಡುವುದು.

ಅಷ್ಟರಲ್ಲಿ ಉಡುಪಿಯಿಂದ ಅತ್ತಿಗೆ, ನನ್ನ ಗಂಡನ ಅಕ್ಕ, ಬಂದಿಳಿದರು. ಮಗುವಿಗೆಂದು ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದರು; ಅದರ ವರ್ಣನೆ ಕೇಳದ ಮನೆ ಚಾಳಿನಲ್ಲಿ ಉಳಿಯಲಿಲ್ಲ. ಜೊತೆಗೆ ಒಂದು ಒಳಲೆ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯ ಮೂತಿಯಿಂದ ಬಾಯಿಗೆ ಹಾಲು ಹೊಯ್ಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ಡಾಕ್ಟರು ಹೇಳಿದ್ದನ್ನು ಹೇಳಿದೆ. "ಆರು ಮಕ್ಕಳನ್ನು ಒಳಲೆಯಲ್ಲೇ ದೊಡ್ಡ ಮಾಡಿದವಳು ನಾನು. ಚಮಚದಲ್ಲಿ ಕೊಡ್ಲಿಕ್ಕೆ ಅದೆಂಥ ಮದ್ದಾ?" ಎಂದರು. ಹೋಟೆಲಿನ ಗಲ್ಲಾದಲ್ಲಿ ಕೂತು ಊರಿಗೆಲ್ಲ ಗದರಿಸುವ ನನ್ನ ಯಜಮಾನರು ಅಕ್ಕನ ಮುಂದೆ ಬೆಕ್ಕಿನ ಮರಿ. "ಅವರಿಗೆ ಗೊತ್ತುಂಟು, ಬಿಡು" ಎಂದು ಪೇಪರಿನ ಹಿಂದೆ ಅಡಗಿದರು.

ತೊಟ್ಟಿಲು ಹಾಕುವ ದಿನ ಬಂದವರಿಗೆ ಕಾಫಿ ಕೊಡುತ್ತಿದ್ದೆ. ಬೆನ್ನ ಹಿಂದೆ ಮಗುವಿನ ಕಾಲ ಗೆಜ್ಜೆ ಒಂದೇ ಸಮನೆ ಘಲಘಲ ಎಂದಿತು. ತಿರುಗಿ ನೋಡಿದರೆ ಮಗು ಅತ್ತಿಗೆಯ ಕಾಲ ಮೇಲೆ, ಒಳಲೆ ಬಾಯಲ್ಲಿ, ತುಟಿ ನೀಲಿ. "ನೋಡಿ, ಎಷ್ಟು ಚಂದ ಕುಡೀತದೆ, ಕಾಲು ಕುಣಿಸ್ತಾ!" ಎಂದು ಅವರು ಹೆಂಗಸರಿಗೆ ತೋರಿಸುತ್ತಿದ್ದರು. ಹೆಂಗಸರು ಮೆಚ್ಚಿ ತಲೆಯಾಡಿಸುತ್ತಿದ್ದರು.

ಲೋಟಗಳನ್ನು ಅಲ್ಲೇ ಬಿಟ್ಟು ಮಗುವನ್ನು ಕಸಿದೆ, ಬೋರಲು ಹಿಡಿದು ಬೆನ್ನು ತಟ್ಟಿದೆ. ಬಾಯಿಂದ ಮೂಗಿನಿಂದ ಹಾಲು ಹೊರಬಂತು. ಕೊನೆಗೆ ಉಸಿರಾಡಿತು.

"ಈಗ ಎಂತ ಆಯ್ತು? ಮಗು ಅಳಲೇ ಇಲ್ಲವಲ್ಲ!" ಎಂದರು ಅತ್ತಿಗೆ, ಸೀರೆಗೆ ಬಿದ್ದ ಹಾಲು ಒರೆಸಿಕೊಳ್ಳುತ್ತ.

ಒಳಲೆಯನ್ನು ಅವರ ಟ್ರಂಕಿಗೇ ಹಾಕಿ ಮುಚ್ಚಿದೆ. ಗೆಜ್ಜೆ ಮಾತ್ರ ಬಿಚ್ಚಲಿಲ್ಲ. ಅಂದಿನಿಂದ ತೊಟ್ಟಿಲಿಗೆ ಬೆನ್ನು ಹಾಕಿ ಅಡುಗೆ ಮಾಡಲು ನನಗೆ ಧೈರ್ಯ ಬಂತು.

ಒಂದು ಮಧ್ಯಾಹ್ನ ಅತ್ತಿಗೆ ಚಾಪೆಯ ಮೇಲೆ ಎದ್ದು ಕೂತು ರೇಗಿದರು. "ಆ ಗೆಜ್ಜೆ ಒಮ್ಮೆ ಬಿಚ್ಚಿಡು ಮಾರಾಯ್ತಿ! ಒಂದು ನಿದ್ದೆ ಮಾಡ್ಲಿಕ್ಕೆ ಬಿಡುವುದಿಲ್ಲ."

"ಹಸಿವಾಗಿದೆ ಅತ್ತಿಗೆ, ಅಳ್ತಾ ಇದ್ದಾಳೆ" ಎಂದೆ.

ಹುಟ್ಟಿದ ಮೇಲೆ ಮೊದಲ ಸಲ ನನ್ನ ಮಗಳು ಒಬ್ಬರ ನಿದ್ದೆ ಕೆಡಿಸಿದ್ದಳು. ನಾನು ಚಮಚವನ್ನು ನಿಧಾನವಾಗಿ ತೊಳೆದೆ.