ಕಟಕೋಳದ ಬಸ್ಸಿನಲ್ಲಿ ಮುಗಿದ ಸಿನಿಮಾಗಳು

1996ರ ಶ್ರಾವಣದ ಒಂದು ಸೋಮವಾರ ಸವದತ್ತಿಯ ವೃದ್ಧ ಅರ್ಚಕರೊಬ್ಬರು ಬೈಲಹೊಂಗಲದಲ್ಲಿದ್ದ ನಮ್ಮ ವಾರಪತ್ರಿಕೆಯ ಕಚೇರಿಗೆ ಬಂದು, ದೇವರು ಪ್ರತ್ಯಕ್ಷನಾಗಿದ್ದಾನೆ ಎಂದು ದೂರು ಕೊಟ್ಟರು. ಸುದ್ದಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ದೂರು ನನ್ನ ಮೇಲೆಯೇ. ನಾನು ಪತ್ರಿಕೆಯ ರಾಮದುರ್ಗದ ವರದಿಗಾರ. ಜೊತೆಗೆ ಪ್ರತಿ ವಾರ ಒಂದು ಸಿನಿಮಾದ ಬಗ್ಗೆ ಅಭಿಪ್ರಾಯ ಬರೆಯುತ್ತಿದ್ದೆ. ಹಿಂದಿನ ವಾರ ಒಂದು ಭಕ್ತಿಚಿತ್ರದ ಕುರಿತು, ‘ನಾಯಕಿ ಏಳು ಹಾಡು ಹಾಡಿದರೂ ದೇವರು ಕೊನೆಯವರೆಗೂ ಬರುವುದಿಲ್ಲ, ನಿರ್ದೇಶಕರ ದಿಟ್ಟತನ ಮೆಚ್ಚತಕ್ಕದ್ದು’ ಎಂದಿದ್ದೆ.

“ದೇವರು ಬಂದಾನ್ರೀ,” ಎಂದರು ಅರ್ಚಕರು. “ರಾಮದುರ್ಗಕ್ಕ ಮಗಳ ಮನಿಗೆ ಹೋದಾಗ ಟಾಕೀಸಿನ್ಯಾಗ ನಾನ ನೋಡೇನಿ. ಐದೂ ಇಪ್ಪತ್ತಕ್ಕ ಬಂದ. ಭಾಳ ತಡಾ ಮಾಡಿದ ಅಂತ ಗಡಿಯಾರ ನೋಡಿದ್ದೆ.”

ಕಟಕೋಳದ ಬಸ್ಸು ಬಿಡುವುದು ಐದೂಕಾಲಿಗೆ.

ನಮ್ಮೂರು ಕಟಕೋಳ. ರಾಮದುರ್ಗದ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಮುಗಿಯುತ್ತಿದ್ದುದು ಐದೂವರೆಗೆ. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದು ಬಂದರೆ ಬಂತು. ಆದ್ದರಿಂದ ಐದೂ ಹತ್ತಕ್ಕೆ ಕಂಡಕ್ಟರ್ ಬಸಪ್ಪ ಟಾಕೀಸಿನ ಬಾಗಿಲ ಪರದೆ ಸರಿಸಿ, “ಕಟಕೋಳ, ಕಟಕೋಳ, ಏಳ್ರೀ” ಎನ್ನುತ್ತಿದ್ದ. ತೆರೆಯ ಮೇಲೆ ಖಳನಾಯಕ ತಾಯಿಯನ್ನು ಕಂಬಕ್ಕೆ ಕಟ್ಟುತ್ತಿದ್ದರೂ ನಾವು ಎದ್ದು ಕತ್ತಲೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಉಳಿದ ಕಥೆಯನ್ನು ಬಸ್ಸಿನಲ್ಲಿ ಚರ್ಚಿಸಿ ಬಹುಮತದಿಂದ ತೀರ್ಮಾನಿಸುತ್ತಿದ್ದೆವು. ಯಾವ ಸುದ್ದಿಯನ್ನಾದರೂ ಇಬ್ಬರಿಂದ ಖಚಿತಪಡಿಸಿಕೊಳ್ಳಬೇಕೆಂಬುದು ನಮ್ಮ ವೃತ್ತಿಯ ನಿಯಮ. ನನಗೆ ಇಡೀ ಬಸ್ಸು ಸಿಗುತ್ತಿತ್ತು.

ಹೀಗಾಗಿ ನನ್ನ ಅಭಿಪ್ರಾಯಗಳಿಗೆ ತಮ್ಮದೇ ಒಂದು ಧೋರಣೆ ಇತ್ತು. ಹಾವಿನ ಸಿನಿಮಾ ನನಗೆ ಇಷ್ಟ. ಹಾವು ಮುಖ್ಯ ಕೆಲಸಗಳನ್ನು ಬೇಗ ಮುಗಿಸಿಕೊಡುತ್ತದೆ. ಹೊಡೆದಾಟದ ಸಿನಿಮಾಗಳೆಲ್ಲ ದುಃಖಾಂತವೆಂದು ನಂಬಿದ್ದೆ. ಬಾಲ್ಯದಲ್ಲಿ ಅಗಲಿದ ಅಣ್ಣತಮ್ಮಂದಿರು ಮತ್ತೆ ಸೇರದಿರುವುದು ಜೀವನಕ್ಕೆ ಹತ್ತಿರವಾಗಿದೆ ಎಂದು ಬರೆದೆ. ಕೋರ್ಟಿನ ಚಿತ್ರಗಳಲ್ಲಿ ತೀರ್ಪೇ ಬರುವುದಿಲ್ಲವೆಂದು ಬರೆದಾಗ ಯಾರೂ ಆಕ್ಷೇಪಿಸಲಿಲ್ಲ. ರಾಮದುರ್ಗದ ವಕೀಲರೊಬ್ಬರು ಬಹಳ ಸಹಜವಾಗಿದೆ ಎಂದು ಹೊಗಳಿದರು.

ಸಂಪಾದಕರು ಅರ್ಚಕರಿಗೆ ಚಹಾ ತರಿಸಿ ನನ್ನ ಕಡೆ ತಿರುಗಿದರು. “ಈ ವಾರ ಪೂರಾ ಸಿನಿಮಾ ನೋಡಿ ಬರೀರಿ. ಇಲ್ಲಂದ್ರ ಆ ಜಾಗಾದಾಗ ಹತ್ತಿ ಧಾರಣಿ ಹಾಕತೇನಿ.”

ನನಗೆ ಅಂಕಣ ಬೇಕಾಗಿತ್ತು. ಕಾಲುವೆ ನೀರಿನ ಸುದ್ದಿಗೆ ನನ್ನ ಹೆಸರು ಹಾಕುತ್ತಿರಲಿಲ್ಲ, ಸಿನಿಮಾಕ್ಕೆ ಹಾಕುತ್ತಿದ್ದರು. ಅವ್ವ ಅಷ್ಟನ್ನೇ ಕತ್ತರಿಸಿ ಟ್ರಂಕಿನಲ್ಲಿಡುತ್ತಿದ್ದಳು.

ಆ ಶುಕ್ರವಾರ ಅತ್ತೆ-ಸೊಸೆಯ ಚಿತ್ರ ಬಂದಿತ್ತು. ಬಸಪ್ಪ ಕೂಗಿದ. ಊರವರೆಲ್ಲ ಎದ್ದರು. ನಾನು ಏಳಲಿಲ್ಲ.

“ಯಾಕ್ರೀ, ಆರಾಮ ಇಲ್ಲೇನು?” ಬಸಪ್ಪ ಹತ್ತಿರ ಬಂದು ಕೇಳಿದ.

“ಕೊನಿ ನೋಡಬೇಕಾಗೇತಿ.”

“ಅದನ್ನ ಇಲ್ಲಿ ಕುಂತು ಏನ ನೋಡ್ತೀರಿ? ಬಸ್ಸಿನ್ಯಾಗ ನೋಡೂಣು ಬರ್ರಿ.”

ಹೋಗಲಿಲ್ಲ. ತೆರೆಯ ಮೇಲೆ ಪೊಲೀಸರು ಬಂದರು. ಅತ್ತೆ ಕ್ಷಮೆ ಕೇಳಿದಳು. ಎಲ್ಲರೂ ಸಾಲಾಗಿ ನಿಂತು ನಕ್ಕರು. ನಾನು ಹಾಲಿನ ವ್ಯಾನು ಹಿಡಿದು ಊರು ಸೇರಿದೆ.

ಮರುದಿನ ಚಹಾದಂಗಡಿಯಲ್ಲಿ ಇದನ್ನು ವರದಿ ಮಾಡಿದರೆ ಯಾರೂ ಒಪ್ಪಲಿಲ್ಲ. ಬಸ್ಸಿನಲ್ಲಿ ಸೊಸೆ ಪಂಚಾಯಿತಿ ಚುನಾವಣೆಗೆ ನಿಂತು, ಎದುರಾಳಿ ಅತ್ತೆಯ ಠೇವಣಿ ಕಳೆದಿದ್ದಳು.

“ಇಷ್ಟ ಮಂದಿ ಕೂಡಿ ಠರಾವ್ ಮಾಡೇವಿ,” ಎಂದ ಬಸಪ್ಪ. “ನೀವೊಬ್ರ ನೋಡಿ ಬಂದು ಕೆಡಸಬ್ಯಾಡ್ರಿ.”

ಎರಡನ್ನೂ ಬರೆದು ಕಳಿಸಿದೆ: ಮೇಲೆ ‘ಟಾಕೀಸಿನ ಪ್ರಕಾರ’, ಕೆಳಗೆ ‘ಬಸ್ಸಿನ ಪ್ರಕಾರ’. ಸಂಪಾದಕರು ಒಂದಕ್ಷರವನ್ನೂ ತಿದ್ದದೆ ನನ್ನ ಹೆಸರಿನಲ್ಲೇ ಅಚ್ಚು ಹಾಕಿದರು.

ಮುಂದಿನ ಬುಧವಾರ ಕಿತ್ತೂರಿನ ಓದುಗರೊಬ್ಬರ ಕಾರ್ಡು ಬಂತು. ಬಸ್ಸಿನ ಸಿನಿಮಾ ಯಾವ ಊರಿನ ಟಾಕೀಸಿನಲ್ಲಿ ಓಡುತ್ತಿದೆ ಎಂದು ಅವರು ಕೇಳಿದ್ದರು. ಮನೆಯ ಐವರು ಸೊಸೆಯಂದಿರೂ ಹೊರಟು ನಿಂತಿದ್ದಾರೆಂದು ತಿಳಿಸಿದ್ದರು.